ಹಾಸಿಗೆಯಿಂದ ಕೊಟ್ಟ ಪಾಠ



ಸ್ನಾನಿಕ ಯೊವಾನ್ನರ ಹಬ್ಬಕ್ಕೆ ನಿಮ್ಮಲ್ಲಿ ಹಲವರು ಸೂಳೆಕೆರೆಯ ಏರಿ ದಾಟಿ ಬಂದಿದ್ದೀರಿ. ಎರಡು ಗುಡ್ಡಗಳ ನಡುವೆ ಅದನ್ನು ಕಟ್ಟಿದವರು ಹೋಗಿ ಶತಮಾನಗಳಾದವು. ನೀರು ಇಂದಿಗೂ ನಮ್ಮ ಗದ್ದೆಗೆ ಹರಿಯುತ್ತಿದೆ.

ಗಾಲ್ಫ್ ನಮ್ಮ ಕಡೆಯ ಆಟವಲ್ಲ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದಾಗ, ತಾಯಿಯೇ ಮಗಳ ಚೀಲ ಹೊತ್ತು ನಡೆದದ್ದನ್ನು ಟಿವಿಯಲ್ಲಿ ನೋಡಿದ್ದೇವೆ, ಅಷ್ಟೇ. ಆದರೂ ಆ ಆಟದ ಒಬ್ಬ ಗುರುವಿನ ಕಥೆ ಹೇಳುತ್ತೇನೆ.

ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಹಾರ್ವಿ ಪೆನಿಕ್ ಎಂಬವರಿದ್ದರು. ಬೆನ್ ಕ್ರೆನ್‌ಶಾ ಬಾಲ್ಯದಿಂದಲೇ ಅವರ ಶಿಷ್ಯ. 1995ರಲ್ಲಿ, 90ರ ವಯಸ್ಸಿನಲ್ಲಿ, ಪೆನಿಕ್ ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಶಿಷ್ಯನ ಕೈಗೆ ಕೋಲು ಹಿಡಿಸಿ, ಮಲಗಿದಲ್ಲಿಂದಲೇ ಹೊಡೆತ ತಿದ್ದಿದರು. ಏಪ್ರಿಲ್ 2ರಂದು ತೀರಿಕೊಂಡರು. 5ರಂದು ಶಿಷ್ಯ ಗುರುವಿನ ಶವಪೆಟ್ಟಿಗೆಗೆ ಹೆಗಲು ಕೊಟ್ಟ. 9ರಂದು ಅಗಸ್ಟಾದಲ್ಲಿ ಮಾಸ್ಟರ್ಸ್ ಗೆದ್ದ. ಕೊನೆಯ ಚೆಂಡು ಗುಳಿಗೆ ಬಿದ್ದೊಡನೆ, 43 ವರ್ಷದ ಆ ಗಂಡಸು ಬಾಗಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಯೊವಾನ್ನರೂ ಸೆರೆಮನೆಯಲ್ಲಿದ್ದುಕೊಂಡೇ ಯೇಸುವಿನ ಕಾರ್ಯಗಳ ಸುದ್ದಿ ಕೇಳಿದವರು. ಮನಸ್ಸು ನಿಲ್ಲದೆ ಶಿಷ್ಯರನ್ನು ಕಳುಹಿಸಿ ವಿಚಾರಿಸಿದರು. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಕೈಲಾಗದೆ ಕುಳಿತವರಿಗೆ ಇನ್ನೊಬ್ಬರ ಗೆಲುವಿನ ಸುದ್ದಿ ಸಿಹಿಯೂ ಹೌದು, ಚುಚ್ಚುವುದೂ ಹೌದು.

ಸೊಂಟ ಮುರಿದುಕೊಂಡು ಜಗಲಿಯಲ್ಲಿ ಕುಳಿತ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಗದ್ದೆಯ ಕೆಲಸ ಮಗ ಮಾಡುತ್ತಾನೆ, ಅವರನ್ನು ಯಾರೂ ಕೇಳುವುದಿಲ್ಲ. ಇಂದು ಹಬ್ಬದೂಟ ಬಡಿಸಿ ಎದ್ದುಹೋಗಬೇಡಿ. ಪಕ್ಕದಲ್ಲಿ ಕುಳಿತು, "ಅಜ್ಜಾ, ಈ ಸಲ ಯಾವ ಭತ್ತ ಹಾಕೋಣ?" ಎಂದು ಕೇಳಿ.