ಒಳಕೋಣೆಯ ಮಕ್ಕಳು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ನಾವು ಎಷ್ಟೋ ಸಲ ಪಗಾರದ ಮಾತು, ರಜೆಯ ಮಾತು, ಬೋನಸ್ಸಿನ ಮಾತು ಆಡಿದ್ದೇವೆ. ಇಂದು ಆಡಲಿರುವುದು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಆಡದ ಮಾತು. ನಮ್ಮ ಕೆಲವರ ಮನೆಗಳಲ್ಲಿ, ಊರಿನಲ್ಲೋ ಇಲ್ಲಿಯ ಖೋಲಿಯಲ್ಲೋ, ವಯಸ್ಸಿಗೆ ತಕ್ಕ ಮಾತು ಬಾರದ, ನಡೆ ಬಾರದ, ಬುದ್ಧಿ ಬೆಳೆಯದ ಮಕ್ಕಳಿದ್ದಾರೆ. ನೆಂಟರು ಬಂದರೆ ಆ ಮಗುವನ್ನು ಒಳಕೋಣೆಗೆ ಕಳುಹಿಸುತ್ತೇವೆ. ಮಕ್ಕಳೆಷ್ಟೆಂದು ಯಾರಾದರೂ ಕೇಳಿದರೆ ಒಂದು ಕಡಿಮೆ ಮಾಡಿ ಹೇಳುತ್ತೇವೆ. ನಮ್ಮ ಮನೆಯಲ್ಲಿಯೂ ಅಕ್ಕನ ಮಗನೊಬ್ಬನನ್ನು ಹೀಗೆಯೇ ಬಹಳ ಕಾಲ ಒಳಗೆ ಇಟ್ಟಿದ್ದೆವು. ಆದುದರಿಂದ ಯಾರನ್ನೂ ದೂರಲು ನಾವು ಇಲ್ಲಿ ನಿಂತಿಲ್ಲ.

ಮೊದಲು ಒಂದು ಸಂಗತಿ ಸ್ಪಷ್ಟವಾಗಲಿ. ಇದು ಹುಚ್ಚಲ್ಲ. ಮನೋರೋಗವೆಂಬುದು ಸರಿಯಾಗಿದ್ದ ಮನುಷ್ಯನಿಗೆ ನಡುವೆ ಬರುವ ಕಾಯಿಲೆ, ಔಷಧದಿಂದ ಇಳಿಯಬಹುದು. ಇದಾದರೋ ಹುಟ್ಟಿನಿಂದ ಇಲ್ಲವೆ ಎಳೆತನದಿಂದ ಬೆಳವಣಿಗೆಯಲ್ಲಿಯೇ ಇರುವ ಕೊರತೆ. ಡಾಕ್ಟರರು ಇದಕ್ಕೆ ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಎಂದೆಲ್ಲ ಬೇರೆ ಬೇರೆ ಹೆಸರು ಹೇಳುತ್ತಾರೆ. ನಾವು ಮಾತ್ರ ಎಲ್ಲಕ್ಕೂ ಒಂದೇ ಹೆಸರಿಟ್ಟಿದ್ದೇವೆ: ಪೆದ್ದ. ಆ ಹೆಸರನ್ನು ಇಂದಿನಿಂದ ಬಿಡೋಣ. ಗುಳಿಗೆ ನುಂಗಿಸಿದರೆ ಈ ಕೊರತೆ ಹೋಗುವುದಿಲ್ಲ. ಆದರೆ ಈ ಮಕ್ಕಳು ಕಲಿಸಿದರೆ ಕಲಿಯುತ್ತಾರೆ. ಎಷ್ಟು ಬೇಗ ತೊಡಗಿದರೆ ಅಷ್ಟು ಲಾಭ. ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗಿ ನೋಡದಿದ್ದರೆ, ಒಂದೂವರೆ ವರ್ಷವಾದರೂ ಒಂದು ಶಬ್ದ ಬಾರದಿದ್ದರೆ, ಎರಡು ವರ್ಷಕ್ಕೆ ಎರಡು ಶಬ್ದ ಕೂಡಿಸಿ ಆಡದಿದ್ದರೆ, ಬಂದಿದ್ದ ಮಾತು ನಿಂತು ಹೋದರೆ, "ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಕಾಯಬಾರದು. ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ತೋರಿಸಬೇಕು.

ಹರಕೆ ಹೊರಬೇಡಿರೆಂದು ನಾವು ಹೇಳುವುದಿಲ್ಲ. ಹರಕೆಯ ಜೊತೆಗೆ ಕೇಸ್ ಪೇಪರೂ ಇರಲಿ ಎಂದಷ್ಟೇ ಹೇಳುತ್ತೇವೆ.

ನಮ್ಮ ಒಬ್ಬ ಸದಸ್ಯರ ಕತೆಯನ್ನು ಅವರ ಒಪ್ಪಿಗೆ ಪಡೆದು ಹೇಳುತ್ತೇವೆ, ಹೆಸರು ಬೇಡ. ಬೈಂದೂರು ಕಡೆಯವರು. ಹನ್ನೆರಡನೆಯ ವಯಸ್ಸಿಗೆ ಬಂದು ತಟ್ಟೆ ತೊಳೆಯುವ ಕೆಲಸಕ್ಕೆ ನಿಂತವರು, ಈಗ ಸಪ್ಲಾಯರ್. ಮಗನಿಗೆ ಒಂಬತ್ತು ವರ್ಷವಾದರೂ ಮಾತಿಲ್ಲ. ಊರಿನಲ್ಲಿ ನಾಗನ ಪೂಜೆ, ದರ್ಶನ, ಎಣ್ಣೆ, ಬೇರು ಎಲ್ಲ ಆಯಿತು, ಸಾಲವೂ ಆಯಿತು. ಕೊನೆಗೆ ಹೆಂಡತಿ ಮಗನನ್ನು ಮುಂಬಯಿಗೆ ಕರೆಸಿಕೊಂಡರು. ಮೊದಲ ದಿನ, ರಾತ್ರಿ ಒಂದಕ್ಕೆ ಕೆಲಸ ಮುಗಿಸಿ ಮಲಗಿದವರು, ಹನ್ನೊಂದು ಗಂಟೆಗೆ ಆಸ್ಪತ್ರೆ ಮುಟ್ಟಿದಾಗ ಕೇಸ್ ಪೇಪರಿನ ಕಿಟಕಿ ಮುಚ್ಚಿತ್ತು. ಎರಡನೆಯ ದಿನ, ಈ ತಪಾಸಣೆ ವಾರದ ಗೊತ್ತಾದ ದಿನ ಮಾತ್ರವೆಂದರು. ಮೂರನೆಯ ದಿನ ಪರೀಕ್ಷೆ ನಡೆಯಿತು. ಆದರೆ ಪ್ರಶ್ನೆಗಳೆಲ್ಲ ಹಿಂದಿಯಲ್ಲಿ. ಕುಂದಾಪುರದ ಕನ್ನಡ ಬಿಟ್ಟು ಬೇರೆ ಕಿವಿಗೆ ಬೀಳದ ಹುಡುಗ ಏನು ಉತ್ತರ ಕೊಟ್ಟಾನು? ನಾಲ್ಕನೆಯ ದಿನ ಆಧಾರ್ ನೋಡಿ, ಊರಿನ ವಿಳಾಸವಿದೆ, ಊರಿಗೇ ಹೋಗಿ ಎಂದರು. ನಾಲ್ಕು ದಿನದ ಪಗಾರ ಹೋಯಿತು.

ಆ ಅಣ್ಣ ನಮ್ಮ ಸಂಘಕ್ಕೆ ಬಂದು ಕೇಳಿದರು. ನಾವು ಏನು ಹೇಳಿದೆವು ಗೊತ್ತೇ? "ಅವರು ಹೇಳಿದ್ದು ಸರಿಯಿರಬೇಕು, ಊರಿಗೇ ಹೋಗಿ" ಎಂದೆವು. ತಿಳಿಯದೆ ಹೇಳಿದೆವು. ಮಳೆಗಾಲ ಬಂತು, ಹಣವಿರಲಿಲ್ಲ, ಎಂಟು ತಿಂಗಳು ಹಾಗೆಯೇ ಕಳೆಯಿತು. ಬೆಳೆಯುವ ಮಗುವಿಗೆ ಎಂಟು ತಿಂಗಳೆಂದರೆ ಸಣ್ಣ ಕಾಲವಲ್ಲ. ಆ ತಪ್ಪು ನಮ್ಮದು. ಇನ್ನೊಬ್ಬರಿಗೆ ಹೀಗಾಗಬಾರದೆಂದೇ ಕಾನೂನನ್ನು ತಿಳಿದವರಿಂದ ಓದಿಸಿ ಕೇಳಿಕೊಂಡೆವು. ಕೇಳಿ ತಿಳಿದುದನ್ನು ನಿಮ್ಮ ಮುಂದೆ ಇಡುತ್ತೇವೆ.

1995ರ ಕಾನೂನಿನಲ್ಲಿ ಏಳು ಬಗೆಯ ಅಂಗವಿಕಲತೆಗೆ ಮಾತ್ರ ಮಾನ್ಯತೆಯಿತ್ತು. 2016ರಲ್ಲಿ ಹೊಸ ಕಾನೂನು ಬಂದು 2017ರ ಏಪ್ರಿಲಿನಿಂದ ಜಾರಿಯಾಯಿತು. ಅದರಲ್ಲಿ 21 ಬಗೆಗಳಿವೆ. ಆಟಿಸಂ ಕೂಡ ಸೇರಿದೆ. ನೂರಕ್ಕೆ 40 ಅಥವಾ ಮೇಲ್ಪಟ್ಟು ಕೊರತೆಯಿದೆಯೆಂದು ವೈದ್ಯಾಧಿಕಾರಿ ಪ್ರಮಾಣಪತ್ರ ಕೊಟ್ಟರೆ ಹೆಚ್ಚಿನ ಸವಲತ್ತುಗಳ ಬಾಗಿಲು ತೆರೆಯುತ್ತದೆ. ಅದರೊಂದಿಗೆ ಸಿಗುವುದು ಯು.ಡಿ.ಐ.ಡಿ. ಕಾರ್ಡು. ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕಬೇಕು. ಆಧಾರ್, ಫೋಟೊ, ವಿಳಾಸದ ಪುರಾವೆ ಬೇಕು.

ಈಗ ಮುಖ್ಯ ಮಾತು. ವಿಳಾಸವಿರುವ ಜಿಲ್ಲೆಯಲ್ಲಿ ಅರ್ಜಿ ಹಾಕಬಹುದು. ಅಥವಾ ಚಿಕಿತ್ಸೆ ಪಡೆಯುತ್ತಿರುವ ಸರಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗೂ ಹಾಕಬಹುದು. ಈ "ಅಥವಾ" ಎಂಬ ಒಂದು ಶಬ್ದ ಗೊತ್ತಿಲ್ಲದೆ ನಾವು ಎಂಟು ತಿಂಗಳು ಕಳೆದುಕೊಂಡೆವು. ಆದುದರಿಂದ ಊರಿನ ವಿಳಾಸದವರು ಮೊದಲು ಇಲ್ಲಿಯ ಆಸ್ಪತ್ರೆಯಲ್ಲಿ ಮಗುವಿನ ಹೆಸರಿಗೆ ಕೇಸ್ ಪೇಪರ್ ಮಾಡಿಸಿ, ಚಿಕಿತ್ಸೆ ಆರಂಭಿಸಿ, ಒಂದು ಚೀಟಿಯನ್ನೂ ಕಳೆಯದೆ ಇಟ್ಟುಕೊಳ್ಳಿ. ಎಲ್ಲಿ ಕೊಟ್ಟ ಪ್ರಮಾಣಪತ್ರವಾದರೂ ಇಡೀ ದೇಶದಲ್ಲಿ ನಡೆಯುತ್ತದೆಂದು ಕಾನೂನಿನಲ್ಲಿಯೇ ಬರೆದಿದೆ. ಮನೆಯಲ್ಲಿ ಆಡುವ ಭಾಷೆ ತುಳುವೋ ಕನ್ನಡವೋ ಎಂಬುದನ್ನು ಪರೀಕ್ಷೆಗೆ ಮೊದಲೇ ಹೇಳಿ, ಭಾಷೆ ಬಲ್ಲ ಒಬ್ಬರನ್ನು ಕರೆದೊಯ್ಯಿರಿ. ಪ್ರಮಾಣಪತ್ರ ಕೊಡುವುದಿಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಅದರ ಮೇಲೆ ಅಪೀಲು ಮಾಡುವ ಹಕ್ಕಿದೆ.

ಕಾರ್ಡು ಬಂದ ಮೇಲೆ ಏನು? ಒಂದು, ಶಾಲೆ. ನೂರಕ್ಕೆ 40 ಮೇಲ್ಪಟ್ಟ ಕೊರತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿಯಾಗಲಿ ವಿಶೇಷ ಶಾಲೆಯಲ್ಲಿಯಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಇದು ಹೊಸ ವಿದ್ಯೆಯೇನೂ ಅಲ್ಲ. ಈಗ ಶಿವಡಿಯಲ್ಲಿರುವ ಜೈ ವಕೀಲ್ ಶಾಲೆ ಹುಟ್ಟಿದ್ದು 1944ರಲ್ಲಿ; ವಕೀಲ್ ದಂಪತಿಗಳು ತಮ್ಮ ಮಗಳ ಸಲುವಾಗಿ ತೊಡಗಿದ ಶಾಲೆ ಅದು. ನಮ್ಮ ಹಿರಿಯರು ಗಿರಣಿಯ ಪಾಳಿಗೆ ಹೋಗುತ್ತಿದ್ದ ದಾರಿಯ ಬದಿಯಲ್ಲಿಯೇ ಇಂಥ ಶಾಲೆಯಿತ್ತು, ನಮಗೆ ಗೊತ್ತಿರಲಿಲ್ಲ.

ಎರಡು, ರೈಲು. ಬೌದ್ಧಿಕ ನ್ಯೂನತೆಯಿಂದ ಒಂಟಿಯಾಗಿ ಪ್ರಯಾಣಿಸಲಾಗದವರಿಗೆ ಸ್ಲೀಪರ್ ದರ್ಜೆಯಲ್ಲಿ ನೂರಕ್ಕೆ 75 ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಇದಕ್ಕೆ ರೈಲ್ವೆಯ ಬೇರೆ ಫಾರಂ ಇದೆ, ಅದಕ್ಕೆ ಸರಕಾರಿ ಡಾಕ್ಟರರ ಸಹಿ ಬೇಕು. ಮತ್ಸ್ಯಗಂಧದಲ್ಲಿ ಊರಿಗೆ ಹೋಗುವವರು ನೆನಪಿಡಿ.

ಮೂರು, ವಿಮೆ. 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನ ಕೆಳಗೆ ನಿರಾಮಯ ಎಂಬ ಯೋಜನೆಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ ಇರುವವರಿಗೆ ಒಂದು ಲಕ್ಷ ರೂಪಾಯಿಯವರೆಗೆ ಆರೋಗ್ಯವಿಮೆ. ಮಾತು ಕಲಿಸುವ, ಕೈಕಾಲು ಪಳಗಿಸುವ ಚಿಕಿತ್ಸೆಗೂ ಅದರಲ್ಲಿ ಪಾಲುಂಟು.

ಇನ್ನು ತಾಯಂದಿರು ರಾತ್ರಿ ನಿದ್ದೆಗೆಟ್ಟು ಯೋಚಿಸುವ ಪ್ರಶ್ನೆ: ನಾವು ಸತ್ತ ಮೇಲೆ ಇವನಿಗೆ ಯಾರು? 18 ತುಂಬಿದವನ ಪರವಾಗಿ ಸಹಿ ಹಾಕಲು ತಂದೆತಾಯಿಗೂ ತಾನಾಗಿ ಅಧಿಕಾರವಿಲ್ಲ. ನ್ಯಾಷನಲ್ ಟ್ರಸ್ಟ್ ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಯಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪೋಷಕರನ್ನು ನೇಮಿಸಿಕೊಳ್ಳಬೇಕು. ನೀವು ಗಟ್ಟಿಯಾಗಿರುವಾಗಲೇ ಮಾಡಿ. ಪ್ರಾವಿಡೆಂಟ್ ಫಂಡಿನ 1995ರ ಪೆನ್ಶನ್ ಯೋಜನೆಯಲ್ಲಿ, ಸದಸ್ಯನು ತೀರಿಕೊಂಡರೆ, ಶಾಶ್ವತವಾಗಿ ಪೂರ್ಣ ಅಶಕ್ತರಾದ ಮಗನಿಗೆ ಅಥವಾ ಮಗಳಿಗೆ ವಯಸ್ಸಿನ ಮಿತಿಯಿಲ್ಲದೆ ಪೆನ್ಶನ್ ಉಂಟು. ಇ.ಎಸ್.ಐ.ಯಲ್ಲಿಯೂ ದುಡಿಯಲಾಗದ, ಪೂರ್ತಿ ನಿಮ್ಮನ್ನೇ ಅವಲಂಬಿಸಿದ ಇಂಥ ಮಗು ವಯಸ್ಸಿಗೆ ಬಂದ ಮೇಲೂ ನಿಮ್ಮ ಕುಟುಂಬದವನೇ.

ಬಂಧುಗಳೇ, ಇಲ್ಲಿ ನಮ್ಮ ಹಳೆಯ ಹೋರಾಟವೂ ಈ ಹೊಸ ಮಾತೂ ಕೂಡುತ್ತವೆ. ಮಸ್ಟರಿನಲ್ಲಿ ಹೆಸರಿಲ್ಲದವನಿಗೆ ಪ್ರಾವಿಡೆಂಟ್ ಫಂಡೂ ಇಲ್ಲ, ಇ.ಎಸ್.ಐ.ಯೂ ಇಲ್ಲ. ಧಣಿಗಳು ಕೈಗೆ ನೂರು ರೂಪಾಯಿ ಹೆಚ್ಚು ಕೊಟ್ಟರೆ ಸಾಕು, ಮಸ್ಟರು ಬೇಡವೆನ್ನುವವರು ನಮ್ಮಲ್ಲಿದ್ದಾರೆ. ಅಂಥವರ ಅಶಕ್ತ ಮಗು ನಾಳೆ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಹೆಸರಿದ್ದವರು ಸಹ ಮಗುವಿನ ಹೆಸರು ಬರೆಸಿದ್ದೀರೋ ಇಲ್ಲವೋ ಈ ವಾರವೇ ನೋಡಿಕೊಳ್ಳಿ. ಎಣಿಕೆಯಲ್ಲಿ ಒಂದು ಕಡಿಮೆ ಹೇಳುವ ಅಭ್ಯಾಸವನ್ನು ಫಾರಂ ತುಂಬುವಾಗಲೂ ಮಾಡಿದವರಿದ್ದಾರೆ.

ಸಂಘ ಏನು ಮಾಡಬೇಕು? ಮೂರು ಸೂಚನೆ ಇಡುತ್ತೇವೆ. ಆಸ್ಪತ್ರೆಯ ದಿನ ಬದಲಿ ಡ್ಯೂಟಿ ಮಾಡಲು ಪ್ರತಿ ಹೋಟೆಲಿನಲ್ಲಿ ಇಬ್ಬರು ಒಪ್ಪಿಕೊಳ್ಳಲಿ. ಆ ದಿನದ ಪಗಾರ ಕಡಿಯಬಾರದೆಂದು ಧಣಿಗಳೊಡನೆ ಸಂಘ ಮಾತಾಡಲಿ. ಕಂಪ್ಯೂಟರ್ ಬಲ್ಲ ನಮ್ಮ ಹುಡುಗರು ತಿಂಗಳಿಗೊಂದು ಭಾನುವಾರ ಕಚೇರಿಯಲ್ಲಿ ಕುಳಿತು ಅರ್ಜಿ ತುಂಬಿ ಕೊಡಲಿ. ಮೂರನೆಯದು ಗಿರಣಿಯ ಹಿರಿಯರಿಗೆ ನಮ್ಮ ಬೇಡಿಕೆ. 1982ರ ಮುಷ್ಕರದಲ್ಲಿ ನೀವು ತಿಂಗಳುಗಟ್ಟಲೆ ಬೀದಿಯಲ್ಲಿ ನಿಂತವರು. ಈಗ ಬೆಳಿಗ್ಗೆ ಏಳಕ್ಕೆ ಕೇಸ್ ಪೇಪರಿನ ಸಾಲಿನಲ್ಲಿ ನಮ್ಮ ಮಕ್ಕಳ ಸಲುವಾಗಿ ನಿಲ್ಲಿರಿ. ರಾತ್ರಿಯೆಲ್ಲ ದುಡಿದ ತಂದೆ ಮಗುವನ್ನು ಕರೆದುಕೊಂಡು ಒಂಬತ್ತಕ್ಕೆ ಬರಲಿ.

ಆ ಹುಡುಗ ಈಗ ವಿಶೇಷ ಶಾಲೆಗೆ ಹೋಗುತ್ತಿದ್ದಾನೆ. ಮಾತು ಬಂದಿಲ್ಲ. ನೀರು ಬೇಕಾದರೆ, ಹಸಿವಾದರೆ ಚಿತ್ರ ತೋರಿಸಿ ಕೇಳುತ್ತಾನೆ. ಕಳೆದ ತಿಂಗಳು ಉಂಡ ತಟ್ಟೆಯನ್ನು ತಾನೇ ಎತ್ತಿ ತೊಳೆದಿಟ್ಟನಂತೆ. ಅದನ್ನು ಹೇಳುವಾಗ ಆ ಅಣ್ಣ ಅತ್ತರು. "ಊರವರ ತಟ್ಟೆಯೆಲ್ಲ ತೊಳೆದ ಕೈ ಇದು ಮಾರಾಯ್ರೆ, ಆ ಒಂದು ತಟ್ಟೆ ನೋಡಿದಷ್ಟು ಸಂತೋಷ ಯಾವತ್ತೂ ಆಗಲಿಲ್ಲ" ಎಂದರು.

ಮುಂದಿನ ಸಭೆಗೆ ಇಂಥ ಮಕ್ಕಳಿದ್ದವರು ಮಕ್ಕಳನ್ನು ಕರೆದುಕೊಂಡೇ ಬನ್ನಿ. ಗಲಾಟೆ ಮಾಡಿದರೆ ಮಾಡಲಿ. ನಮ್ಮ ಸಭೆಗಳಲ್ಲಿ ದೊಡ್ಡವರು ಮಾಡುವ ಗಲಾಟೆಗಿಂತ ಹೆಚ್ಚಾಗಲಾರದು. ಅಕ್ಕನ ಮಗನನ್ನು ನಾವೂ ಊರಿನಿಂದ ಕರೆತರುತ್ತೇವೆ.