ಕೇರಂ ಹಲಗೆಯ ಸುತ್ತ

(ಸಂಘದ ಕ್ರೀಡಾಕೂಟದ ಸಮಾರೋಪ ಭಾಷಣ)



ಬಹುಮಾನ ಹಂಚಲು ಬಂದವನು ಕಷ್ಟದ ದಿನಗಳನ್ನು ನೆನೆಯುತ್ತಿದ್ದೇನೆ, ಕ್ಷಮೆಯಿರಲಿ. 2000-01ರಲ್ಲಿ ಸರಕಾರಿ ಬ್ಯಾಂಕುಗಳಿಗೆ ಸ್ವಯಂ ನಿವೃತ್ತಿ ಯೋಜನೆ ಬಂದು, ಒಂದು ಲಕ್ಷಕ್ಕೂ ಮಿಕ್ಕಿ ನೌಕರರು ಹೊರನಡೆದರು. ನಾನು ಗುಮಾಸ್ತನಾಗಿದ್ದ ಶಾಖೆಯಲ್ಲಿ ತಾನು ಅರ್ಜಿ ಹಾಕುವೆನೋ ಇಲ್ಲವೋ ಎಂದು ಯಾರೂ ಬಾಯಿಬಿಡುತ್ತಿರಲಿಲ್ಲ. ಆ ಮೌನ ಮುರಿದುದು ಊಟದ ವಿರಾಮದ ಕೇರಂ ಹಲಗೆಯ ಸುತ್ತ. ಸ್ಟ್ರೈಕರ್ ಹೊಡೆಯುವ ನನ್ನ ಬೆರಳು ನಡುಗಿದಾಗ, ನಮ್ಮ ಕಡೆಯವರೇ ಆದ ಹಿರಿಯ ಜವಾನರೊಬ್ಬರು, "ರಾಯರೇ, ರಾತ್ರಿ ನಿದ್ದೆಯಿಲ್ಲವೇ?" ಎಂದರು. ಮನೆಸಾಲದ ಚಿಂತೆಯನ್ನು ಅಂದು ಮೊದಲ ಬಾರಿಗೆ ಹೇಳಿಕೊಂಡೆ.

2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಕರಾವಳಿಯ ಆ ಹೆಸರುಗಳನ್ನು ನಂಬಿ ಮುಂಬಯಿಗೆ ಬಂದ ಕಿರಿಯರು ವರ್ಗಾವಣೆಯ ಅಂಜಿಕೆಯಲ್ಲಿದ್ದಾಗಲೇ ಕೊರೋನಾ ಬಂದು ಆಟದ ಕೊಠಡಿಗಳಿಗೂ ಬೀಗ ಬಿತ್ತು.

ಆಟವು ಉದ್ಯೋಗ ಭದ್ರತೆಗೆ ಬದಲಿಯಲ್ಲ. ಸಂಬಳ, ವರ್ಗಾವಣೆಗಳ ಪ್ರಶ್ನೆಗೆ ಕ್ರೀಡಾಕೂಟವನ್ನೇ ಉತ್ತರವೆನ್ನುವ ಆಡಳಿತವನ್ನು ನಾನು ಒಪ್ಪಲಾರೆ. ಆದರೆ ಅಧಿಕಾರಿಯೂ ಜವಾನನೂ ಒಂದೇ ಹಲಗೆಗೆ ಬಾಗುವ ಅರ್ಧ ಗಂಟೆಯನ್ನು, ಖರ್ಚಿನ ಬಾಬ್ತೆಂದು ಎಲ್ಲಕ್ಕಿಂತ ಮೊದಲು ಕಡಿಯುವುದೂ ತಪ್ಪು. ಕಚೇರಿಗಳು ಕಡಿದರೆ, ನಮ್ಮ ಸಂಘದ ಕೊಠಡಿ ಪ್ರತಿ ಸಂಜೆ ತೆರೆದಿರಲಿ.