ಮಗಳು ಚಿಯರ್‌ಲೀಡಿಂಗ್‌ಗೆ ಹೋಗ್ತೀನಿ ಅಂದ್ರೆ

ವಿಲೆ ಪಾರ್ಲೆಯಿಂದ ಮಾತಾಡ್ತಾ ಇದ್ದೀನಿ. ಇವತ್ತು ಟೆಕ್ನಾಲಜಿ ಇಲ್ಲ, ಹೆಣ್ಣುಮಕ್ಕಳ ಅಪ್ಪ-ಅಮ್ಮಂದಿರ ವಿಷಯ.

2008ರ ಏಪ್ರಿಲ್ 18, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ. ಐಪಿಎಲ್‌ನ ಮೊದಲನೇ ಮ್ಯಾಚು. ಮೆಕಲಮ್ 158 ಹೊಡೆದದ್ದು ಆರ್‌ಸಿಬಿ ಅಭಿಮಾನಿಗಳಿಗೆ ಇನ್ನೂ ಉರಿ. ಅಮೆರಿಕದಿಂದ ಚಿಯರ್‌ಲೀಡರ್‌ಗಳು ಬಂದದ್ದೂ ಆಗಲೇ. ನಮ್ಮ ಮನೆಗಳಿಗೆ ಆ ಪದ ಬಂದದ್ದು ಹಾಗೆ, ಟಿವಿ ಮೂಲಕ, ಬೌಂಡರಿ ಗೆರೆಯ ಆಚೆಯಿಂದ. ಅದೇ ತಿಂಗಳು ಮಹಾರಾಷ್ಟ್ರದ ಗೃಹ ಖಾತೆ ರಾಜ್ಯಮಂತ್ರಿ ಸಿದ್ಧರಾಮ ಮ್ಹೇತ್ರೆ ಇದು ಅಶ್ಲೀಲ ಅಂದ್ರು. ಅವರು ಅಕ್ಕಲಕೋಟೆಯವರು, ಅಂದ್ರೆ ಕನ್ನಡ ಮಾತಾಡೋ ಗಡಿನಾಡಿನವರೇ!

ಈಗ ನಮ್ಮ ಬಿಲ್ಡಿಂಗ್ ಕಥೆ. ವಿಜಯಪುರ ಕಡೆಯ ಒಂದು ಕುಟುಂಬ ಇದೆ. ಅಪ್ಪ ನನ್ನ ಹಾಗೇ ಸಾಫ್ಟ್‌ವೇರ್. ಮಗಳು ಒಂಬತ್ತನೇ ಕ್ಲಾಸು, ಆರು ವರ್ಷ ಜಿಮ್ನಾಸ್ಟಿಕ್ಸ್ ಮಾಡಿದವಳು. ಶಾಲೆಯ ಚಿಯರ್ ತಂಡಕ್ಕೆ ಸೇರ್ತೀನಿ ಅಂತಾಳೆ. ಅಮ್ಮ, "ಬ್ಯಾಡವಾ, ಊರಾಗ ಕೇಳಿದ್ರ ಏನಂತ ಹೇಳೂಣು?" ಅಂತಾರೆ. ಅಪ್ಪ ಬೇಡ ಅನ್ನೋದೂ ಇಲ್ಲ, ಫಾರ್ಮಿಗೆ ಸಹಿ ಹಾಕೋದೂ ಇಲ್ಲ. ಜಿಮ್ನಾಸ್ಟಿಕ್ಸ್ ಉಡುಪು ಇದಕ್ಕಿಂತ ಬಿಗಿ ಇತ್ತು, ಆಗ ಯಾರೂ ತುಟಿ ಬಿಚ್ಚಿರಲಿಲ್ಲ. ಹಾಗಾದ್ರೆ ತಕರಾರು ಬಟ್ಟೆಯದ್ದಲ್ಲ, ಹೆಸರಿನದ್ದು.

ಆ ಹೆಸರಿನ ಚರಿತ್ರೆ ನೋಡಿದ್ರೆ ನಗು ಬರುತ್ತೆ. ಇದು ಶುರುವಾದದ್ದು 1898ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಮೊದಲು ಕೂಗಿದವರೆಲ್ಲ ಗಂಡಸರೇ. ಹುಡುಗಿಯರು ಬಂದದ್ದು 1920ರ ದಶಕದಲ್ಲಿ. ಅಧ್ಯಕ್ಷ ಜಾರ್ಜ್ ಬುಷ್, ಅಂದ್ರೆ ಮಗ ಬುಷ್, ಶಾಲೆಯಲ್ಲಿ ಚಿಯರ್‌ಲೀಡರ್. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಆಟದ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ಸ್ಪರ್ಧೆಯಲ್ಲಿ ಎರಡೂವರೆ ನಿಮಿಷ: ಲಾಗ, ಜಿಗಿತ, ಪಿರಮಿಡ್. ಬೌಂಡರಿಯಲ್ಲಿ ಸಿಕ್ಸರ್ ಬಿದ್ದಾಗ ಕುಣಿಯೋದಕ್ಕೂ ಇದಕ್ಕೂ ಸಂಬಂಧ ಕಡಿಮೆ.

ಅಮ್ಮ "ಭರತನಾಟ್ಯ ಮಾಡಲಿ" ಅಂತಾರೆ. 1935ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ವೇದಿಕೆ ಹತ್ತಿದಾಗ ಮದ್ರಾಸಿನ ಮರ್ಯಾದಸ್ಥರು ಹುಬ್ಬೇರಿಸಿದ್ದು ಅದೇ ಕುಣಿತಕ್ಕೆ. ಈಗ ಅರಂಗೇಟ್ರಂಗೆ ನಾವು ಆಫೀಸಿಗೆ ರಜೆ ಹಾಕಿ ಹೋಗ್ತೀವಿ.

ಆದರೂ ಆ ತಾಯಿಯ ಭಯವನ್ನ ಹಳ್ಳಿ ಬುದ್ಧಿ ಅಂತ ತಳ್ಳಿಹಾಕೋಕೆ ನಾನು ತಯಾರಿಲ್ಲ. 2011ರಲ್ಲಿ ಮುಂಬೈ ಇಂಡಿಯನ್ಸ್ ತಂಡದ ದಕ್ಷಿಣ ಆಫ್ರಿಕಾದ ಚಿಯರ್‌ಲೀಡರ್ ಒಬ್ಬಳು, ಪಾರ್ಟಿಗಳಲ್ಲಿ ಆಟಗಾರರು ಹೇಗೆ ನಡೆದುಕೊಳ್ತಾರೆ ಅಂತ ಹೆಸರು ಹಾಕದೆ ಬರೆದಳು. ಯಾರು ಅಂತ ಗೊತ್ತಾದ ಮೇಲೆ ಮನೆಗೆ ಕಳಿಸಿದ್ದು ಅವಳನ್ನೇ. ಹುಡುಗಿಯನ್ನ ನೋಡೋ ಕಣ್ಣು ಕೆಟ್ಟದಾದರೆ ದಂಡ ಹುಡುಗಿಗೇ, ಇದು ತಾಯಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ನಾವು ಸ್ಕರ್ಟಿನ ಉದ್ದ ಅಳೀತಾ ಕೂತು, ಕೇಳಬೇಕಾದ್ದನ್ನ ಕೇಳ್ತಾ ಇಲ್ಲ. ಪಾರ್ಲೆಯಲ್ಲಿರೋರಿಗೆ ದಹಿ ಹಂಡಿ ಗೊತ್ತಲ್ಲ? ಮುಂಬೈಯಲ್ಲಿ ಹುಡುಗಿಯರ ಗೋವಿಂದಾ ತಂಡಗಳೂ ಇವೆ, ಹೆಗಲ ಮೇಲೆ ಹೆಗಲು ಹತ್ತಿ ಮಡಿಕೆ ಒಡೀತಾರೆ. ಅಲ್ಲಿ ಎತ್ತರ ಎಷ್ಟು, ವಯಸ್ಸು ಎಷ್ಟು ಅಂತ ವಾದ ಹೈಕೋರ್ಟಿಗೆ ಹೋಯಿತು, ಸರ್ಕಾರ 2022ರಲ್ಲಿ ವಿಮೆ ಘೋಷಿಸಿತು. ಚಿಯರ್ ಪಿರಮಿಡ್ಡಿಗೂ ಅದೇ ಲೆಕ್ಕ. ಮೇಲೆ ಹಾರುವವಳು ಫ್ಲೈಯರ್, ಕೆಳಗೆ ಹೊರುವವರು ಬೇಸ್, ಹಿಂದೆ ನಿಂತು ಅವಳ ತಲೆ-ಕುತ್ತಿಗೆ ಮೇಲೆ ಕಣ್ಣಿಟ್ಟವಳು ಸ್ಪಾಟರ್. ಸ್ಪಾಟರ್ ಇಲ್ಲದೆ ಹಾರಿಸೋದು, ಬ್ಯಾಕಪ್ ಇಲ್ಲದೆ ಪ್ರೊಡಕ್ಷನ್‌ಗೆ ಕೈ ಹಾಕಿದ ಹಾಗೆ!

ಅದಕ್ಕೇ ಆ ಅಪ್ಪನಿಗೆ ನಾನು ಹೇಳಿದ್ದು: ಸಹಿಗೆ ಮೊದಲು ಪ್ರಾಕ್ಟೀಸ್ ನೋಡಿ. ಮ್ಯಾಟ್ ಇದೆಯಾ, ಬರೀ ಸಿಮೆಂಟ್ ನೆಲವಾ? ಕೋಚ್‌ಗೆ ತರಬೇತಿ ಆಗಿದೆಯಾ? ಹುಡುಗಿ "ಇವತ್ತು ಆಗಲ್ಲ ಸರ್" ಅಂದ್ರೆ ಕೇಳ್ತಾರಾ? ವಿಡಿಯೋ ತೆಗೆಯೋರು ಯಾರು, ಅದು ಯಾರ ಫೋನಿಗೆ ಹೋಗುತ್ತೆ? ಇವಕ್ಕೆ ಸರಿಯಾದ ಉತ್ತರ ಸಿಗದಿದ್ರೆ ಬೇಡ ಅನ್ನಿ, ಕಾರಣ ಮಗಳಿಗೂ ಹೇಳಿ. ಸಿಕ್ಕಿದ್ರೆ ಊರಿನವರಿಗೆ ಏನು ಹೇಳೋದು ಅಂತ ಆಮೇಲೆ ನೋಡ್ಕೊಳ್ಳೋಣ.